ಗೊರಸಿನ ಅಡಿಯ ಅಳತೆ

“ಇಲ್ಲಿ ಅಳತೆ ಬರೆಯೋ ಹಾಗಿಲ್ಲ,” ಎಂದಳು ಯಜಮಾನಿ. “ಕಾಗದದ ಮೇಲೂ ಬೇಡ, ಹಲಗೆ ಮೇಲೂ ಬೇಡ, ಗೋಡೆ ಮೇಲೂ ಬೇಡ. ಆ ಕಂಬದ ಗೊರಸನ್ನಂತೂ ಮುಟ್ಟಲೇಬೇಡ.”

ಹೊಸ ಮೇಸ್ತ್ರಿ ನಕ್ಕುಬಿಟ್ಟ. ನಗದೆ ಇನ್ನೇನು ಮಾಡಿಯಾನು? ಇಪ್ಪತ್ತು ವರ್ಷ ಗರಗಸ ಹಿಡಿದ ಬಡಗಿಗೆ ಅಳತೆ ಬರೆಯಬೇಡ ಎನ್ನುವುದೂ ಒಂದೇ, ಅಡಿಗೆಯವನಿಗೆ ಒಲೆ ಹಚ್ಚಬೇಡ ಎನ್ನುವುದೂ ಒಂದೇ. ಸೊಂಟದಲ್ಲಿ ಸದಾ ಟೇಪು, ಕಿವಿಯ ಸಂದಿಯಲ್ಲಿ ಸದಾ ಪೆನ್ಸಿಲ್ಲು ಇರುತ್ತಿದ್ದ ಅವನನ್ನು ಹಿಂದಿನ ಕಾರ್ಖಾನೆಯಲ್ಲಿ ಎಲ್ಲರೂ ಟೇಪು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮದುವೆಯಾದ ಮರುದಿನವೇ ಹೆಂಡತಿಯ ಎತ್ತರ ಅಳೆದ ಗಿರಾಕಿ ಎಂದು ಗೇಲಿ ಮಾಡುತ್ತಿದ್ದರು. ಅದು ಸುಳ್ಳೇನೂ ಆಗಿರಲಿಲ್ಲ.

“ಮತ್ತೆ ಕೆಲಸ ಹೇಗಮ್ಮ ನಡೆಯತ್ತೆ?”

ಯಜಮಾನಿ ಗೋಡೆಯ ಕಡೆ ಕೈ ತೋರಿಸಿದಳು. ಮೊಳೆಗಳಿಗೆ ತೂಗುಹಾಕಿದ ಸಣ್ಣ ಸಣ್ಣ ಕೋಲುಗಳು, ಒಂದೊಂದರ ಮೇಲೂ ಚಾಕುವಿನ ಒಂದೆರಡು ಕಚ್ಚು. ಅದು ಮಕ್ಕಳ ಮಂಚ, ತೊಟ್ಟಿಲು ಮಾತ್ರ ಮಾಡುವ ಕಾರ್ಖಾನೆ. ಮನೆಯವರೇ ಮಗುವಿನ ಉದ್ದಕ್ಕೆ ಕೋಲು ಕಡಿದು ತರಬೇಕು. ಬಡಗಿ ಕೋಲಿಟ್ಟು ಹಲಗೆ ಕೊಯ್ಯಬೇಕು. ಮಂಚ ಹೋಗುವಾಗ ಅದರ ಜೊತೆಗೇ ಕೋಲೂ ವಾಪಸ್ಸು. ಅಡಿ ಇಲ್ಲ, ಇಂಚಿಲ್ಲ, ಅಂಕಿಯೇ ಇಲ್ಲ. ಯಾವ ಕಾಲದಲ್ಲಿದ್ದಾರಪ್ಪಾ ಇವರು ಎಂದುಕೊಂಡ ಮೇಸ್ತ್ರಿ.

ಕಾರ್ಖಾನೆ ಅನ್ನುವುದೂ ದೊಡ್ಡ ಮಾತೇ. ತಗಡಿನ ಮಾಡಿನ ಉದ್ದನೆಯ ಶೆಡ್ಡು, ಎರಡು ಕೆಲಸದ ಮೇಜು, ಒಂದು ಗರಗಸದ ಯಂತ್ರ. ನಡುವೆ, ತೊಗಟೆಯನ್ನೂ ಬಿಡಿಸದ ದಪ್ಪನೆಯ ಮರದ ಕಂಬ. ಮಾಡಿನ ಭಾರವೆಲ್ಲ ಅದರ ತಲೆಯ ಮೇಲೆ. ಆ ಕಂಬದಲ್ಲಿ, ಎದೆಯ ಮಟ್ಟಕ್ಕೆ, ಗೊರಸು ಬೆಳೆದಿತ್ತು. ಯಾವುದೋ ದೊಡ್ಡ ಪ್ರಾಣಿ ಮರದೊಳಗಿನಿಂದ ಒದ್ದು ಕಾಲು ಹೊರಗೆ ಹಾಕಿ ಅಲ್ಲೇ ಸಿಕ್ಕಿಹಾಕಿಕೊಂಡಂತೆ. ಮೇಲುಗಡೆ ಬೂದು ಕಂದು, ಕಲ್ಲಿನಷ್ಟು ಗಟ್ಟಿ, ಉಂಗುರದ ಮೇಲೆ ಉಂಗುರ. ಮಳೆ ಬಿದ್ದ ಕಟ್ಟಿಗೆಯ ವಾಸನೆ. ಅದರ ಕೆಳಗೆ ಎರಡು ಇಟ್ಟಿಗೆಯ ಮೇಲೆ ಒಂದು ಕಬ್ಬಿಣದ ಬಾಣಲೆ, ಬಾಣಲೆಯಲ್ಲಿ ಕೆಂಡ.

“ಇದು ಮರದಣಬೆ ಅಲ್ವಾ ಅಮ್ಮ? ಕೊಳೆತ ಮರಕ್ಕೆ ಬರೋದು. ಉಳಿಯಿಂದ ಒಂದೇಟು ಹಾಕಿದ್ರೆ ಉದುರತ್ತೆ.”

“ಉಳಿ ಅನ್ನಬೇಡ!” ಯಜಮಾನಿಯ ಧ್ವನಿ ಸೀಳಿಹೋಯಿತು. ಒಂದು ಕ್ಷಣ ಸುಧಾರಿಸಿಕೊಂಡು ತಗ್ಗಿದ ದನಿಯಲ್ಲಿ ಹೇಳಿದಳು. “ನೋಡು, ನನಗೆ ಒಂದು ಕಣ್ಣು ಮೊದಲೇ ಇಲ್ಲ. ಇನ್ನೊಂದಕ್ಕೆ ನಾಳೆ ಆಪರೇಷನ್. ಒಂದು ತಿಂಗಳು ಹೊಗೆ, ಧೂಳು ಹತ್ರ ಬರಬಾರದು ಅಂದಿದಾರೆ. ಅದಕ್ಕೇ ನಿನ್ನನ್ನ ಇಟ್ಕೊಂಡಿರೋದು. ಮಂಚ ಎರಡು ಕಡಿಮೆ ಆದ್ರೂ ಚಿಂತೆ ಇಲ್ಲ. ಈ ಕೆಂಡ ಆರಬಾರದು. ಬಂದ ತಕ್ಷಣ ಇದ್ದಿಲು, ಮಧ್ಯಾಹ್ನ ಇದ್ದಿಲು, ಹೋಗೋವಾಗ ಮೇಲೆ ಬೂದಿ. ಕಂಬ ಒಣಗಿರಬೇಕು.”

“ಯಾಕಮ್ಮ?”

“ಒಣಗಿರಬೇಕು.”

ಗೋಡೆಯ ಆಚೆ ಅವಳ ಮನೆ. ಅಲ್ಲಿಂದ ತೊಟ್ಟಿಲು ತೂಗುವ ಸದ್ದು ಬರುತ್ತಿತ್ತು. ಕಿರ್… ಕಿರ್… “ಮೊಮ್ಮಗುವಾ?” ಎಂದು ಮೇಸ್ತ್ರಿ ಸಲಿಗೆಯಿಂದ ಕೇಳಿದ. ಯಜಮಾನಿ ಬಾಣಲೆಗೆ ಇನ್ನೊಂದು ಹಿಡಿ ಇದ್ದಿಲು ಹಾಕಿ ಒಳಗೆ ಹೋದಳು.

ಹೇಳಿದ್ದನ್ನು ಕೇಳುವ ಜಾಯಮಾನ ಅವನದಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಕೆಂಡದ ವಿಷಯದಲ್ಲಿ ಅವನ ವಾದ ಸರಿಯಾಗಿಯೇ ಇತ್ತು. ಕಾಲಿಟ್ಟಲ್ಲೆಲ್ಲ ಗರಗಸದ ಹುಡಿ, ಕೀಸಿದ ಸುರುಳಿ, ಮೂಲೆಯಲ್ಲಿ ಪಾಲಿಶ್ ಡಬ್ಬಿಗಳು. ಅದರ ನಡುವೆ ಬಾಯ್ತೆರೆದ ಕೆಂಡ! ಒಂದು ಕಿಡಿ ಹಾರಿದರೆ ಶೆಡ್ಡೂ ಇಲ್ಲ, ಮೇಸ್ತ್ರಿಯೂ ಇಲ್ಲ. ಬುದ್ಧಿಯಿದ್ದ ಯಾವ ಬಡಗಿಯೂ ಸಹಿಸುವ ಮಾತಲ್ಲ. ಮೂರನೆಯ ದಿನ ಅವನು ಕೆಂಡದ ಮೇಲೆ ನೀರು ಸುರಿದ. ಚೊಯ್ ಎಂದು ಬಿಳಿಯ ಹಬೆ ಎದ್ದು ಗೊರಸಿನ ಹೊಟ್ಟೆಗೆ ಬಡಿಯಿತು.

ಯಜಮಾನಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯಿಂದ ಬಂದಳು. ದಿನಾ ಮಧ್ಯಾಹ್ನ ಗೋಡೆಯ ಸಣ್ಣ ಕಿಟಕಿಯ ಹತ್ತಿರ ಅವಳ ದನಿ ಕೇಳುತ್ತಿತ್ತು. “ಮೇಸ್ತ್ರೀ, ಕೆಂಡ ಇದೆಯಾ?”

“ನಿಗಿನಿಗಿ ಅಂತಿದೆ ಅಮ್ಮ!”

ಹಾಗೆನ್ನುತ್ತಾ ಅವನು ಚಹಾದ ಲೋಟವನ್ನು ಗೊರಸಿನ ಮೇಲೆ ಇಡುತ್ತಿದ್ದ. ದೇವರು ಕೊಟ್ಟ ಕಪಾಟು. ನೀರಿನ ಬಾಟಲಿಯೂ ಅಲ್ಲಿಯೇ, ಒದ್ದೆ ಟವೆಲ್ಲೂ ಅಲ್ಲಿಯೇ. ಅದರ ಬೂದು ನೆತ್ತಿಯ ಮೇಲೆ ಲೋಟದ ಉಂಗುರಗಳು ಬಿದ್ದವು. ಎಂಟು ದಿನಕ್ಕೆ ಮಳೆ ಹಿಡಿಯಿತು. ತಗಡಿನ ಸಂದಿಯಿಂದ ನೀರು ಒಳಗೆ ಬಂದು ಕಂಬವನ್ನು ತಬ್ಬಿಕೊಂಡು ಇಳಿಯಿತು. ಬಿಸಿಲು ಬಂದಾಗ ತಗಡು ಸರಿಮಾಡೋಣ ಎಂದುಕೊಂಡ.

ಅವನಿಗೆ ಆರು ವರ್ಷದ ಮಗಳೊಬ್ಬಳಿದ್ದಳು. ಉದ್ದನೆಯ ಸಣಕಲು ಕಾಲುಗಳ ಹುಡುಗಿ, ಅಪ್ಪ ಅವಳನ್ನು ಕೊಕ್ಕರೆ ಎಂದು ಕರೆಯುತ್ತಿದ್ದ. ಅವಳಿಗೆ ಲೋಕದಲ್ಲಿ ಒಂದೇ ಆಸೆ, ಮನೆಯ ಬಾಗಿಲಿನ ಚಿಲಕವನ್ನು ತಾನೇ ತೆಗೆಯಬೇಕು. ಆ ವಾರ ಅದು ಕೈಗೂಡಿತ್ತು. ತುದಿಗಾಲಲ್ಲಿ ನಿಂತು, ನಾಲಿಗೆ ಹೊರಗೆ ಹಾಕಿ, ಎರಡು ಬೆರಳಲ್ಲಿ ಚಿಲಕ ಸರಿಸಿ, ಜಗತ್ತನ್ನೇ ಗೆದ್ದವಳಂತೆ ಬೀದಿಗೆ ಓಡಿದ್ದಳು. “ನಾನಿನ್ನು ದೊಡ್ಡವಳು. ನನಗೆ ಬೇರೆ ಮಂಚ ಬೇಕು,” ಎಂದು ಅಪ್ಪನ ಬೆನ್ನು ಹತ್ತಿದ್ದಳು.

ಶಾಲೆಗೆ ರಜೆ ಇದ್ದ ಒಂದು ಮಧ್ಯಾಹ್ನ ಅವಳು ಅಮ್ಮನ ಜೊತೆ ಊಟದ ಡಬ್ಬಿ ತಂದಳು. ಅಪ್ಪನ ಕೈ ಸುಮ್ಮನಿರಬೇಕಲ್ಲ. ಮಗಳನ್ನು ಮೇಜಿಗೆ ಆನಿಸಿ ನಿಲ್ಲಿಸಿ, ಸರ್ರನೆ ಟೇಪು ಎಳೆದ. “ಮೂರಡಿ ಎಂಟಿಂಚು! ಇವಳು ಮಾಡಿಗೇ ತಲೆ ಹೊಡೆಸಿಕೊಳ್ತಾಳೆ ನೋಡು!” ಎಂದು ಹೆಂಡತಿಯನ್ನು ನಗಿಸಿದ. ಕಿವಿಗೆ ಕೈ ಹಾಕಿದ, ಪೆನ್ಸಿಲ್ಲು ಇಲ್ಲ. ಬಗ್ಗಿ ಹುಡುಕುವಾಗ ಮೊದಲ ಸಲ ಗೊರಸಿನ ಅಡಿಭಾಗ ಕಣ್ಣಿಗೆ ಬಿತ್ತು. ಅಚ್ಚ ಬಿಳುಪು. ಹೊಸ ಕಾಗದದಷ್ಟು ಬಿಳುಪು, ನುಣುಪು. ಬೆರಳು ತಾಗಿದ ಕಡೆ ಕಂದು ಗುರುತು ಮೂಡಿತು. “ಅರೆ, ಸ್ಲೇಟು ಇಲ್ಲೇ ಇದೆಯಲ್ಲ!”

ಬಡಗಿಯ ಕೈಗೆ ಬಿಳಿ ಜಾಗ ಸಿಕ್ಕರೆ ತುರಿಕೆ. ನೆಲದ ಮೇಲಿದ್ದ ಮೊಳೆಯೊಂದನ್ನು ಎತ್ತಿ ಬರೆದ. ೩-೮. ಗೆರೆ ಎಳೆದಲ್ಲೆಲ್ಲ ಬಿಳುಪು ಒಡೆದು, ಒಣಗಿದ ರಕ್ತದ ಬಣ್ಣ ತಿರುಗಿತು. ಕೆಳಗೊಂದು ಕೊಕ್ಕರೆಯ ಚಿತ್ರವನ್ನೂ ಗೀಚಿದ. ಮಗಳು ಕೈತಟ್ಟಿ ನಕ್ಕಳು. ಗೋಡೆಯಾಚೆ ತೊಟ್ಟಿಲ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ಮಂಚ ಎರಡು ದಿನಕ್ಕೆ ತಯಾರಾಯಿತು. ಮಗಳು ಅದರ ಮೇಲೆ ಕಾಲು ಚಾಚಿ ಮಲಗಿದರೆ ಪಾದದ ಕೆಳಗೆ ಒಂದು ಗೇಣು ಜಾಗ. ಬೆಳೆಯುವ ಮಗುವಿಗೆ ಬೇಕಲ್ಲ ಎಂದು ಬಿಟ್ಟ ಜಾಗ.

ಹತ್ತು ದಿನ ಕಳೆದ ಮೇಲೆ, ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ಮಗಳು ಬಾಗಿಲ ಹತ್ತಿರ ತುದಿಗಾಲಲ್ಲಿ ನಿಂತಿದ್ದಳು. ಕೈ ಮೇಲಕ್ಕೆ ಚಾಚಿತ್ತು. ಬೆರಳಿಗೂ ಚಿಲಕಕ್ಕೂ ನಡುವೆ ಖಾಲಿ ಜಾಗ. ಅವಳು ತಿರುಗಿ ನೋಡಿ ಕೇಳಿದಳು.

“ಅಪ್ಪಾ, ಬಾಗಿಲು ಬೆಳೀತಾ ಇದೆಯಾ?”

ನಕ್ಕ. ನಕ್ಕು ಟೇಪು ತೆಗೆದ. ಮೂರಡಿ ಏಳಿಂಚು. ಸರಿಯಾಗಿ ನಿಲ್ಲು ಎಂದ. ಮೂರಡಿ ಏಳು. ಟೇಪಿನ ತುದಿಯ ಕೊಂಡಿ ಬಗ್ಗಿರಬೇಕು ಎಂದುಕೊಂಡು ಪಕ್ಕದ ಮನೆಯ ದರ್ಜಿಯ ಟೇಪು ತಂದ. ಮೂರಡಿ ಏಳು. ಒಂದು ದಾರ ಕೂಡ ಆಚೀಚೆ ಇಲ್ಲ. ಹೆಂಡತಿ ಒಳಗಿನಿಂದ ಕೂಗಿ ಹೇಳಿದಳು, “ರೀ, ಇವಳ ಲಂಗ ಯಾಕೋ ನೆಲ ಗುಡಿಸ್ತಿದೆ, ಒಂಚೂರು ಮಡಿಸಿ ಹೊಲೀಬೇಕು.”

ಡಾಕ್ಟರು ಮಗುವಿನ ನಾಲಿಗೆ ನೋಡಿದರು, ಬೆನ್ನು ಒತ್ತಿ ನೋಡಿದರು, ನಕ್ಕರು. “ಮಕ್ಕಳು ಕುಗ್ಗೋದಿಲ್ಲಪ್ಪ. ನೀವು ಅಳೆದಿದ್ದೇ ತಪ್ಪಿರತ್ತೆ.” ಇಪ್ಪತ್ತು ವರ್ಷದಲ್ಲಿ ಅವನ ಅಳತೆ ತಪ್ಪಾಗಿದೆ ಎಂದವರು ಒಬ್ಬರೂ ಇರಲಿಲ್ಲ. ಅವತ್ತು ಮಾತ್ರ ಅವರ ಮಾತು ನಿಜವಾಗಲಪ್ಪ ಎಂದು ಮನಸ್ಸಿನಲ್ಲೇ ಕೈಮುಗಿದ. ನಾಲ್ಕು ದಿನಕ್ಕೆ ಮೂರಡಿ ಐದೂವರೆ. ಚಪ್ಪಲಿ ಕಾಲಿನಿಂದ ಜಾರತೊಡಗಿತು. ಬಳೆ ಕೈಯಿಂದ ಬಿದ್ದು ಒಡೆಯಿತು. ಮಂಚದಲ್ಲಿ ಅವಳ ಪಾದದ ಕೆಳಗಿನ ಜಾಗ ಗೇಣು ದಾಟಿತ್ತು.

ಮರುದಿನ ಹೆಂಡತಿಗೆ ಕೆಲಸವಿತ್ತು. ಮಗಳನ್ನು ಜೊತೆಗೇ ಕರೆದುಕೊಂಡು ಶೆಡ್ಡಿಗೆ ಬಂದ. ಹೊರಗೆ ಹಾಡುಹಗಲು, ಆದರೆ ಮೋಡ ಕವಿದು ಶೆಡ್ಡಿನೊಳಗೆ ಸಂಜೆಯ ಬಣ್ಣ. ಬಾಗಿಲು ತೆಗೆದ ಕೂಡಲೇ ವಾಸನೆ ಮುಖಕ್ಕೆ ಹೊಡೆಯಿತು. ಒದ್ದೆ ಮರದ ವಾಸನೆ, ಅದರ ಒಳಗೆ ಇನ್ನೊಂದು ವಾಸನೆ. ಹುಳಿಯಾದ ಹಾಲಿನದು. ಎಳೆಮಗುವಿನ ಕತ್ತಿನ ಮಡಿಕೆಯಲ್ಲಿ ಇರುತ್ತದಲ್ಲ, ಅದು.

ಅವನು ಗೊರಸನ್ನು ನೋಡಿದ.

ಅಂಚು ಮುಂದಕ್ಕೆ ಬಂದಿತ್ತು. ಬೂದು ಉಂಗುರಗಳ ಹೊರಗೆ ಹೊಸದೊಂದು ಉಂಗುರ. ಬೆಣ್ಣೆಯ ಬಿಳುಪು. ಮೆತ್ತಗೆ. ಒದ್ದೆ. ಟೇಪು ತೆಗೆದ. ಟೇಪು ಎರಡು ಸಲ ಜಾರಿ ಒಳಗೆ ಹೋಯಿತು. ಮೂರನೆಯ ಸಲ ಹಿಡಿದ. ಎರಡೂವರೆ ಇಂಚು.

ಎಂಟರಲ್ಲಿ ಐದೂವರೆ ಕಳೆದರೆ ಎಷ್ಟು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಗ್ಗಿ ನೋಡಿದ. ಅಂಕಿ ಹಾಗೆಯೇ ಇತ್ತು. ಕೊಕ್ಕರೆಯ ಚಿತ್ರ ಹಾಗೆಯೇ ಇತ್ತು. ಅಂಗೈಯಿಂದ ಉಜ್ಜಿದ. ಹೋಗಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದ. ಇನ್ನೂ ಕಪ್ಪಾಯಿತು. ಕೈ ತಾನಾಗಿ ಮೇಜಿನ ಮೇಲಿದ್ದ ಉಳಿಯನ್ನು ತಡಕಾಡಿತು. ಬರೆದದ್ದನ್ನು ಕೆತ್ತಿ ಹಾಕಿದರೆ ಆಯಿತು. ಅಷ್ಟೇ ತಾನೆ. ಉಳಿಯ ಬಾಯಿಯನ್ನು ಅಂಕಿಯ ಪಕ್ಕ ಇಟ್ಟ. ಮೆಲ್ಲಗೆ ಒತ್ತಿದ. ತೆಳ್ಳನೆಯ ಬಿಳಿ ಸುರುಳಿಯೊಂದು ಎದ್ದು, ಕಳಚಿ, ಕೆಳಗೆ ಬಿತ್ತು.

ಹಿಂದೆ ಮಗಳು ಕಿರುಚಿದಳು.

ಹಲಗೆಗಳ ರಾಶಿಯ ಮೇಲೆ ಕುಳಿತಿದ್ದಳು. ಯಾರೂ ಮುಟ್ಟಿರಲಿಲ್ಲ. ಮೊಣಕಾಲಿನ ಕೆಳಗಿನಿಂದ ಚರ್ಮ ಎದ್ದಿತ್ತು. ಕೀಸುಳಿ ಹಾಕಿದಂತೆ, ಸುರುಳಿ ಸುತ್ತಿಕೊಂಡು. ಸುರುಳಿ ಕಳಚಿ ಅವಳ ಮಡಿಲಿಗೆ ಬಿತ್ತು. ಆಮೇಲೆ ರಕ್ತ ಬಂತು.

“ಉಳಿ ಹಾಕಿದ್ಯಾ?” ಬಾಗಿಲಿನಿಂದ ದನಿ. “ಉಳಿ ಹಾಕಿದ್ಯೇನೋ?”

ಯಜಮಾನಿ ಗೋಡೆ ತಡವುತ್ತಾ ಒಳಗೆ ಬಂದಿದ್ದಳು. ಕಣ್ಣಿಗೆ ಕಪ್ಪು ಕನ್ನಡಕ. ಬಂದವಳೇ ಅವನ ಮುಂಗೈ ಹುಡುಕಿ ಹಿಡಿದು ಉಳಿಯನ್ನು ಕಿತ್ತು ಎಸೆದಳು. ಕಾಲಿಗೆ ಬಾಣಲೆ ತಾಗಿತು. ಬಗ್ಗಿ ಕೈ ಹಾಕಿದಳು. ತಣ್ಣನೆಯ ಬೂದಿ, ಅದರಲ್ಲಿ ನಿಂತ ಮಳೆನೀರು. ಆ ಕೈಯನ್ನು ನೀರಿನಲ್ಲಿಯೇ ಇಟ್ಟುಕೊಂಡು ಅವಳು ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟಳು.

“ನಾನು ದಿನಾ ಕೇಳಿದೆ,” ಎಂದಳು. “ದಿನಾ ಕೇಳಿದೆ. ಇದೆ ಅಂದೆಯಲ್ಲ.”

ಅವನು ಮಗಳ ಗಾಯದ ಮೇಲೆ ಅಂಗೈ ಒತ್ತಿ ಹಿಡಿದ.

“ಯಾರ ಅಳತೆ?”

“ಮಗಳದು.”

ಯಜಮಾನಿ ಎದ್ದಳು. ಹುಡುಗಿಯ ಕಾಲಿಗೆ ತನ್ನ ಸೆರಗನ್ನೇ ಹರಿದು ಕಟ್ಟಿದಳು. “ಬಾ,” ಎಂದಳು. ಅವನು ಮಗಳನ್ನು ಎತ್ತಿಕೊಂಡು ಹಿಂದೆ ಹೋದ. ಎತ್ತಿಕೊಂಡಾಗ ಅವಳು ಹಗುರವಾಗಿದ್ದಳು. ಮೂರು ವರ್ಷದ ಹಿಂದೆ ಎತ್ತಿಕೊಂಡಾಗ ಎಷ್ಟು ಇದ್ದಳೋ ಅಷ್ಟು.

ಗೋಡೆಯಾಚೆಯ ಕೋಣೆಗೆ ಕಿಟಕಿ ಒಂದೇ. ನೆಲ, ಗೋಡೆ ಎಲ್ಲ ಬೆಚ್ಚಗೆ, ಒಣಗಿ. ನಡುವೆ ತೊಟ್ಟಿಲು, ತೊಟ್ಟಿಲಿಗೆ ಕಟ್ಟಿದ ಹಗ್ಗ. ಯಜಮಾನಿ ಬಟ್ಟೆಯ ಮಡಿಕೆ ಸರಿಸಿದಳು. ಮೊದಲು ಅವನಿಗೆ ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಬಟ್ಟೆಯ ನಡುವೆ ಒಬ್ಬ ಗಂಡಸು ಮಲಗಿದ್ದ. ಗಂಡಸೇ. ಕೆನ್ನೆಯಲ್ಲಿ ಗಡ್ಡ, ಗಡ್ಡದಲ್ಲಿ ಒಂದೆರಡು ನರೆ. ಒಂದು ಕಡೆ ಕಿವಿ ಇರಲಿಲ್ಲ. ಇಡೀ ಮನುಷ್ಯ ಬೆರಳೂ ಸೇರಿದರೆ ಒಂದು ಅಂಗೈಯಷ್ಟು ಉದ್ದ. ಅವನು ಕಣ್ಣು ತೆರೆದು ಮೇಸ್ತ್ರಿಯನ್ನು ನೋಡಿದ. ಆ ಕಣ್ಣಿನಲ್ಲಿ ಎಲ್ಲ ಅರ್ಥವಾಗುತ್ತಿತ್ತು.

“ನನ್ನ ಮಗ. ಮೂವತ್ತನಾಲ್ಕು ವರ್ಷ,” ಎಂದಳು ಯಜಮಾನಿ. “ನೀನು ಬಂದ ದಿನ ಗೇಣುದ್ದ ಇದ್ದ. ಆಪರೇಷನ್ ಆದ್ಮೇಲೆ ಕೈಗೆ ಹಗುರ ಅನ್ನಿಸ್ತು. ಕಣ್ಣಂತೂ ಕಾಣಲ್ಲ, ಈಗ ಕೈಯೂ ಸುಳ್ಳು ಹೇಳ್ತಿದೆ ಅಂದ್ಕೊಂಡೆ. ಕೆಂಡ ಇದೆ ಅಂತ ನೀನು ಹೇಳಿದ್ದೆಯಲ್ಲ.”

ಮೇಸ್ತ್ರಿ ಮಗಳನ್ನು ತೊಟ್ಟಿಲ ಪಕ್ಕ ಮಲಗಿಸಿ ಅಲ್ಲೇ ಕುಳಿತ. ಅವಳು ತೊಟ್ಟಿಲು ತೂಗುತ್ತಲೇ ಹೇಳಿದಳು.

“ನನ್ನ ಮಾವನ ಕಾಲದ್ದು ಇದು. ಇಲ್ಲಿದ್ದ ಬಡಗಿಯೊಬ್ಬ ತನ್ನ ಕೂಸಿಗೆ ಅಂತ ಬಿಡುವಿನಲ್ಲಿ ತೊಟ್ಟಿಲು ಮಾಡ್ಕೊಂಡಿದ್ದ. ಯಾರೋ ದೊಡ್ಡವರು ಬಂದು ಅದೇ ಬೇಕು ಅಂದ್ರು. ಮಾವ ಕೊಟ್ಟುಬಿಟ್ರು. ಕೂಸು ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಮಲಗ್ತು. ಎದೆ ಕಟ್ಟಿ ಹೋಯ್ತು. ಅದರ ತಾಯಿ ಬಂದ್ಲು. ಕೂಸಿನ ಉದ್ದ ಅಳೆದ ದಾರ ಕೈಯಲ್ಲಿತ್ತು. ಕಂಬಕ್ಕೆ ತೂತು ಕೊರೆದು ದಾರ ತುರುಕಿದ್ಲು, ತನ್ನ ಕೂದಲು ತುರುಕಿದ್ಲು, ಎದೆಹಾಲು ಹಿಂಡಿ ಮೇಣ ಮೆತ್ತಿದ್ಲು. ಬಾಯಲ್ಲಿ ಏನೇನೋ ಮಣಮಣ ಅಂದ್ಲು. ಕೊನೇ ಮಾತು ಮಾತ್ರ ಎಲ್ಲರಿಗೂ ಕೇಳಿಸ್ತಂತೆ. ‘ನನ್ನ ಕೂಸಿನ ಅಳತೆ ನಿಂತುಹೋಯ್ತು. ಇನ್ಮೇಲೆ ನಿಮ್ಮ ಕೂಸುಗಳ ಅಳತೆ ಇದು ತಿನ್ನಲಿ’ ಅಂತ. ಆ ತೂತಿನಿಂದ ಬಂದಿದ್ದು ಗೊರಸು. ಅದರ ಹೊಟ್ಟೆ ಅಷ್ಟು ಬೆಳ್ಳಗಿರೋದು ಅದಕ್ಕೇ.”

“ನಿಮ್ಮ ಮಗನದ್ದು…”

“ಅವನಪ್ಪನೇ ಬರೆದ. ಹುಡುಗನಿಗೆ ಏಳು ವರ್ಷ. ಬೇಕು ಅಂತಲ್ಲ, ಕೈ ಚಟ. ಅದಕ್ಕೇ ಎಲ್ಲೂ ಬರೀಬೇಡಿ ಅನ್ನೋದು. ಗೋಡೆ ಮೇಲೆ ಬರೆಯೋ ಕೈ ಒಂದಿನ ಅಲ್ಲೂ ಬರೆಯತ್ತೆ. ನಾನು ಉಳಿ ಹಾಕಿದೆ, ಮಗನ ಕಿವಿ ಹೋಯ್ತು.”

“ನನ್ನ ಅಳತೆ ಬರೀತೀನಿ ಅಮ್ಮ!” ಮೇಸ್ತ್ರಿ ಅವಳ ಕಾಲು ಹಿಡಿದ. “ಅವಳನ್ನ ಬಿಟ್ಟು ನನ್ನ ತಗೊಳ್ಳಲಿ. ಐದಡಿ ಏಳು ಇದೀನಿ. ಎಲ್ಲಾ ತಗೊಳ್ಳಲಿ!”

“ನನ್ನ ಗಂಡನೂ ಹಾಗೇ ಬರ್ಕೊಂಡ.” ಯಜಮಾನಿಯ ಕೈ ತೂಗುವುದನ್ನು ನಿಲ್ಲಿಸಲಿಲ್ಲ. “ಅದು ಬದಲು ತಗೊಳ್ಳಲ್ಲ, ಮೇಸ್ತ್ರಿ. ಜೊತೆಗೆ ತಗೊಳ್ಳತ್ತೆ, ಒಬ್ಬೊಬ್ಬರಿಂದಲೂ ಅಷ್ಟಷ್ಟೇ. ಅವನು ಹೋದಾಗ ನಾನೊಬ್ಬಳೇ ಅವನನ್ನ ಕಂಕುಳಲ್ಲಿ ಎತ್ಕೊಂಡು ಹೋಗಿ ಮಣ್ಣು ಮಾಡಿ ಬಂದೆ.”

ಹೊರಗೆ ಮಳೆ ಮತ್ತೆ ಶುರುವಾಯಿತು. ತಗಡಿನ ಮೇಲೆ ಅದರ ಸದ್ದು ಕೇಳಿ ಮೇಸ್ತ್ರಿ ತಲೆಯೆತ್ತಿ ಮಾಡಿನ ಕಡೆ ನೋಡಿದ. ಒಂದು ಹನಿ ಎಂದರೆ ಗೊರಸಿನ ಅಂಚಿಗೆ ಒಂದು ಕೂದಲೆಳೆ. ಒಂದು ಕೂದಲೆಳೆ ಎಂದರೆ ಮಗಳು.

“ಒಣಗಿದ್ರೆ ಅದು ನಿದ್ದೆ ಮಾಡತ್ತೆ,” ಎಂದಳು ಯಜಮಾನಿ. “ಅಷ್ಟೇ ನಮ್ಮ ಕೈಲಿರೋದು. ತಗೊಂಡಿದ್ದು ವಾಪಸ್ ಬರಲ್ಲ. ಅದು ಸತ್ರೆ ಇವರೂ ಸಾಯ್ತಾರೆ. ಹೋಗು, ಕೆಂಡ ಹಾಕು.”

ಓಡಿದ. ಮಾಡಿನ ಮೇಲೆ ಹತ್ತಿ ಮಳೆಯಲ್ಲೇ ತಗಡಿನ ಸಂದಿಗೆ ಟಾರ್ಪಾಲು ಹೊದೆಸಿ ಕಲ್ಲು ಹೇರಿದ. ಒದ್ದೆ ಇದ್ದಿಲು. ಹೊತ್ತಲಿಲ್ಲ. ಊದಿದ. ಹೊಗೆ. ಊದಿದ. ಕಣ್ಣಲ್ಲಿ ನೀರು. ಮುಗಿದಿದ್ದ ಮಂಚವೊಂದನ್ನು ಒಡೆದು ಸೌದೆ ಮಾಡಿದ. ಹತ್ತಿತು. ಒಂದು ಬಾಣಲೆ ಸಾಲದು. ನಾಲ್ಕು ಇಟ್ಟ. ಕಂಬದ ಸುತ್ತ ಬಿಸಿ ಮರಳಿನ ಚೀಲ ಕಟ್ಟಿದ. ಒಳಗಿನಿಂದ ಮಗಳು ಅತ್ತಳು, ಬಾಯಾರಿಕೆ ಎಂದಳು. ನೀರು ಕೊಟ್ಟಷ್ಟೂ ಬಾಯಾರಿಕೆ. ತುಟಿ ಬಿರಿದು ರಕ್ತ. ಬೆಂಕಿ ಜಾಸ್ತಿಯಾದರೆ ಅವಳ ತುಟಿ ಒಡೆಯುತ್ತಿತ್ತು, ಕಡಿಮೆಯಾದರೆ ಅಂಚು ಬೆಳೆಯುತ್ತಿತ್ತು. ಎರಡು ಬಾಣಲೆ ತೆಗೆದ. ಒಂದು ವಾಪಸ್ ಇಟ್ಟ. ದೂರ ಸರಿಸಿದ. ಹತ್ತಿರ ಎಳೆದ. ಸರಿಯಾದ ಜಾಗ ಯಾವುದು? ಅದಕ್ಕೆ ಯಾವ ಟೇಪೂ ಇರಲಿಲ್ಲ.

ಮಧ್ಯಾಹ್ನದ ಮೇಲೆ ಹೆಂಡತಿ ಬಂದಳು. ಅವನು ಎಲ್ಲ ಹೇಳಿದ, ಒಂದನ್ನೂ ಮುಚ್ಚಿಡಲಿಲ್ಲ. ಅವಳು ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಗೊರಸಿನ ಕೆಳಗೆ ಬಗ್ಗಿ ಕೊಕ್ಕರೆಯ ಚಿತ್ರವನ್ನು ನೋಡಿದಳು. ಅವತ್ತು ಅದನ್ನು ನೋಡಿ ತಾನೂ ನಕ್ಕಿದ್ದು ಅವಳಿಗೆ ನೆನಪಾಗಿರಬೇಕು. ಬಾಯಿಗೆ ಸೆರಗು ಒತ್ತಿಕೊಂಡು ಮಗಳಿದ್ದ ಕೋಣೆಗೆ ಹೋದಳು. ಆಮೇಲೆ ಆ ಮಾತನ್ನು ಅವಳು ಎಂದೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ನೆನೆದ ಮರ ಅಷ್ಟು ಬೇಗ ಒಣಗುವುದಿಲ್ಲ ಎಂದು ಬಡಗಿಗೆ ಬೇರೆ ಯಾರು ಹೇಳಬೇಕು? ದಿನಗಳು ಹಿಡಿದವು. ಸಂಸಾರ ಸಮೇತ ಅವರು ಯಜಮಾನಿಯ ಮನೆಗೇ ಬಂದುಬಿಟ್ಟರು. ದಿನಾ ಬೆಳಿಗ್ಗೆ ಅವನು ಅಂಚನ್ನು ಅಳೆಯುತ್ತಿದ್ದ. ನಾಲ್ಕು ಇಂಚು. ಐದೂಕಾಲು. ಆರೂವರೆ. ಅಳೆಯದಿದ್ದರೆ ಬೆಳೆಯುವುದಿಲ್ಲವೇನೋ ಎಂದು ಎರಡು ದಿನ ಅಳೆಯದೆ ಬಿಟ್ಟ. ಬೆಳೆಯಿತು. ತೊಟ್ಟಿಲಿನೊಳಗೆ ಯಜಮಾನಿಯ ಮಗ ಬೆರಳುದ್ದವಾದ. ಆಮೇಲೆ ಬೆರಳಿನ ಗೆಣ್ಣಿನಷ್ಟಾದ. ಅವಳು ಅವನಿಗೆ ಹತ್ತಿಯ ಬತ್ತಿಯಿಂದ ಹಾಲು ತೊಟ್ಟಿಕ್ಕಿಸುತ್ತಿದ್ದಳು.

ಒಂದು ಬೆಳಿಗ್ಗೆ ಮೇಸ್ತ್ರಿ ಕೆಂಡ ಕೆದಕುತ್ತಿದ್ದಾಗ ಏನೋ ಸರಿಯಿಲ್ಲ ಅನ್ನಿಸಿತು. ಕಿವಿಗೊಟ್ಟ. ತೊಟ್ಟಿಲ ಸದ್ದು ಇರಲಿಲ್ಲ. ಟೇಪು ತೆಗೆದು ಅಂಚಿಗೆ ಹಿಡಿದ. ಒಂಬತ್ತು ಇಂಚು. ಬಿಳಿಯ ಅಂಚು ಬೂದು ತಿರುಗಿ, ಒಣಗಿ, ಉಗುರಿಗೆ ಟಕ್ ಎಂದಿತು. ಬೆಳವಣಿಗೆ ನಿಂತಿತ್ತು. ಒಂಬತ್ತು ಇಂಚು ಎಂದರೆ ಒಂದು ಗೇಣು, ತಾನು ಬಂದ ದಿನ ಯಜಮಾನಿಯ ಮಗ ಇದ್ದಷ್ಟು ಉದ್ದ.

ಯಜಮಾನಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತೊಟ್ಟಿಲಿನ ಹಗ್ಗ. ಅವನು ಅವಳ ಮುಖ ನೋಡಲಾರದೆ ನೆಲ ನೋಡಿದ. ಬೈಯಲಿ, ಶಾಪ ಹಾಕಲಿ, ಉಳಿ ತೆಗೆದು ಎದೆಗೆ ಚುಚ್ಚಲಿ ಎಂದು ಕಾದ. ಅವಳು ಬಂದು ಬಾಣಲೆಯ ಪಕ್ಕದ ಮಣೆಯ ಮೇಲೆ ಕುಳಿತಳು. ಊದುಕೊಳವೆಯನ್ನು ಅವನ ಕೈಯಿಂದ ತೆಗೆದುಕೊಂಡಳು.

“ನನಗಿನ್ನು ಒಳಗೆ ಕೆಲಸ ಇಲ್ಲ,” ಎಂದಳು. “ನೀನು ಹೋಗಿ ಸ್ವಲ್ಪ ಮಲ್ಕೋ. ಅಷ್ಟು ಹೊತ್ತು ನಾನು ನೋಡ್ಕೋತೀನಿ.”

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದ. ಅವತ್ತು ಟೇಪು ಮೇಸ್ತ್ರಿ ಕಂಬಕ್ಕೆ ಹಣೆ ಹಚ್ಚಿ ಮಗುವಿನಂತೆ ಅತ್ತ.

ಅದಾಗಿ ನಾಲ್ಕು ವರ್ಷ. ಮಾಡು ಈಗ ಗಟ್ಟಿಯಾಗಿದೆ, ಒಂದು ಹನಿ ಒಳಗೆ ಬರುವುದಿಲ್ಲ. ಆದರೆ ಗಾಳಿಗೆ ತೇವ ತರಬೇಡ ಎನ್ನಲು ಯಾರಿಂದ ಆದೀತು? ಒಂದೊಂದು ಮಳೆಗಾಲ ಒಂದೊಂದು ಕೂದಲೆಳೆ ಜರುಗಿಯೇ ಜರುಗುತ್ತದೆ. ಅವನು ಬರೆದ ಅಂಕಿಯನ್ನು ಹೊಸ ಬಿಳುಪು ಮುಚ್ಚಿಕೊಂಡಿದೆ. ಹೊರಗೆ ಕಾಣುವುದಿಲ್ಲ, ಅಳಿಸಿಯೂ ಇಲ್ಲ. ಯಜಮಾನಿ ಮತ್ತು ಅವನು ಸರದಿಯ ಮೇಲೆ ಕೆಂಡ ಕಾಯುತ್ತಾರೆ. ಅವನು ಬೀದಿಯ ಕೊನೆ ದಾಟಿ ಹೋಗಿ ನಾಲ್ಕು ವರ್ಷವಾಯಿತು.

ಮಗಳಿಗೆ ಹತ್ತು ತುಂಬಿತು. ಮಾತು ಹತ್ತರದು, ಬುದ್ಧಿ ಹತ್ತರದು, ಲೆಕ್ಕದಲ್ಲಿ ಚುರುಕು. ಅದೇ ಮಂಚದಲ್ಲಿ ಮಲಗುತ್ತಾಳೆ, ಪಾದದ ಕೆಳಗೆ ಒಂದು ಕೂಸು ಮಲಗುವಷ್ಟು ಜಾಗ. ಹುಟ್ಟಿದ ದಿನಕ್ಕೆ ಏನು ಬೇಕು ಎಂದು ಅಮ್ಮ ಕೇಳಿದಾಗ ಅವಳು ಯೋಚಿಸಿ ಹೇಳಿದ್ದು ಒಂದೇ. “ಚಿಲಕ ಮುಟ್ಟಬೇಕು.”

ಅವತ್ತು ಬೆಳಿಗ್ಗೆ ಅವಳು ಏಳುವ ಮುಂಚೆ ಮೇಸ್ತ್ರಿ ಯಜಮಾನಿಯ ಮನೆಯ ಬಾಗಿಲ ಹತ್ತಿರ ಕುಳಿತು ಮೆಲ್ಲಗೆ ತಿರುಪು ಬಿಚ್ಚಿದ. ಸದ್ದಾಗದ ಹಾಗೆ ಚಿಲಕವನ್ನು ಕೆಳಗಿಳಿಸಿ ಕೂರಿಸಿದ. ಹಳೆಯ ತೂತುಗಳಿಗೆ ಮೇಣ ತುಂಬಿ, ಹುಡಿ ಮೆತ್ತಿ, ಬಾಗಿಲಿನ ಬಣ್ಣವನ್ನೇ ಬಳಿದ. ಇಪ್ಪತ್ತನಾಲ್ಕು ವರ್ಷದ ಕೈಕೆಲಸವೆಲ್ಲ ಆ ಮೂರು ತೂತುಗಳಲ್ಲಿತ್ತು.

ಮಗಳು ಎದ್ದು ಬಂದಳು. ತುದಿಗಾಲಲ್ಲಿ ನಿಂತಳು. ನಾಲಿಗೆ ಹೊರಗೆ ಹಾಕಿದಳು. ಎರಡು ಬೆರಳು ಚಿಲಕಕ್ಕೆ ತಾಗಿದವು. ಸರಿಸಿದಳು. ಬಾಗಿಲು ತೆರೆದು ಬೆಳಕು ಒಳಗೆ ಬಂತು.

“ಅಪ್ಪಾ! ಅಮ್ಮಾ! ನಾನು ಬೆಳೆದೆ! ಅಪ್ಪಾ, ಟೇಪು ತಗೊಂಡು ಬಾ, ಅಳೆದು ನೋಡು!”

ಹೆಂಡತಿ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಮೇಸ್ತ್ರಿ ನಕ್ಕ. ಮಗಳ ಮುಂದೆ ಮಂಡಿಯೂರಿ, ಕೈಗೆ ಹತ್ತಿದ್ದ ಬಣ್ಣವನ್ನು ಬೆನ್ನ ಹಿಂದೆ ಒರೆಸಿಕೊಂಡ.

“ಟೇಪು ಕಳೆದುಹೋಗಿದೆ ಮಗಳೇ,” ಎಂದ. “ಅಳೆಯೋದು ಯಾಕೆ? ಕಣ್ಣಿಗೇ ಕಾಣ್ತಿದೆಯಲ್ಲ.”

ಅವಳು ಹೊರಗೆ ಓಡಿದಳು. ಶೆಡ್ಡಿನ ಕಡೆಯಿಂದ ಯಜಮಾನಿ ಕೂಗಿ ಕೇಳಿದಳು, “ಮೇಸ್ತ್ರೀ, ಇದ್ದಿಲು ಇದೆಯಾ?”

“ಇಗೋ, ಈಗ ತಂದೆ ಅಮ್ಮ,” ಎಂದ ಅವನು. ಏಳುವ ಮುಂಚೆ ಒಮ್ಮೆ ಬಾಗಿಲನ್ನು ನೋಡಿದ. ಚಿಲಕದ ಕೆಳಗೆ, ನೆಲದವರೆಗೆ, ಇನ್ನೂ ಬೇಕಾದಷ್ಟು ಹಲಗೆ ಇತ್ತು.